ಗಂಜಿ ಹಚ್ಚಿದ ಚಂದ್ರನ ಗಾಡಿ

ಕೌಜಲಗಿಯ ಸುಂದ್ರವ್ವನಿಗೆ ಅರವತ್ತೆಂಟು. ಸಾಲಿಗೆ ಹೋದದ್ದು ಎರಡೇ ವರ್ಷ. ತನ್ನ ಹೆಸರು ಬರೆಯುತ್ತಾಳೆ, ಅಂಕಿ ಓದುತ್ತಾಳೆ, ಬಸ್ಸಿನ ಬೋರ್ಡನ್ನು ಮೊದಲ ಅಕ್ಷರ ಹಿಡಿದು ಗುರುತಿಸುತ್ತಾಳೆ, ಅಷ್ಟೆ. ಆದರೆ ಕಂಬಳಿಯ ಹಾಸುನೂಲಿಗೆ ಗಂಜಿ ಹಚ್ಚುವ ಕೆಲಸದಲ್ಲಿ ಅವಳನ್ನು ಮೀರಿಸಿದವರು ಆ ಓಣಿಯಲ್ಲಿ ಇರಲಿಲ್ಲ. ಗಂಡ ಬೀರಸಿದ್ದಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಇವಳು ಹುಣಸೆ ಬೀಜ ಹುರಿದು, ಸಿಪ್ಪೆ ಕುಟ್ಟಿ ತೆಗೆದು, ನೆನೆಹಾಕಿ, ರುಬ್ಬಿ, ಕುದಿಸಿ, ಆ ಗಂಜಿಯನ್ನು ಉದ್ದಕ್ಕೆ ಎಳೆದು ಕಟ್ಟಿದ ಉಣ್ಣೆಯ ನೂಲಿಗೆ ಬಳಿಯುತ್ತಿದ್ದಳು. ಗಂಜಿ ಕುಡಿದು ಬಿಸಿಲಿಗೆ ಒಣಗಿದ ನೂಲು ತಂತಿಯ ಹಾಗೆ ಬಿಗಿಯುತ್ತಿತ್ತು. ಬೀರಸಿದ್ದಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಮಗ್ಗದ ಕುಣಿಗೆ ಮಣ್ಣು ತುಂಬಿ, ಮೇಲೆ ಫರಸಿ ಕಲ್ಲು ಹಾಸಿದ್ದಾರೆ.

ಈಕೆ ಕಾಗದದ ಮಾದರಿ ಮಾಡುವ ಕೆಲಸಕ್ಕೆ ಬಂದದ್ದು ಕುಬಸ ಹೊಲಿಸಲು ಹೋಗಿ. ಮೂಡಲಗಿಯಲ್ಲಿ ಅರ್ಚನಾ ಎಂಬಾಕೆಯ ಹೊಲಿಗೆ ಅಂಗಡಿ. ರವಿವಾರ ಬಾಗಿಲು ಅರ್ಧ ಎಳೆದಿತ್ತು. ಬಗ್ಗಿ ನೋಡಿದರೆ, ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಮೂರು ಜನ. ಒಬ್ಬಳು ಅರ್ಚನಾ. ಇನ್ನೊಬ್ಬ ಗೋಕಾಕದಲ್ಲಿ ಲಗ್ನಪತ್ರಿಕೆ ಛಾಪಿಸುವ ಪ್ರೆಸ್ಸಿನ ಮಹಾಂತೇಶ. ಮೂರನೆಯವ ಯಮಕನಮರಡಿಯಲ್ಲಿ ಲಾರಿಗಳ ಹಿಂದೆ ಹೂವು, ಹದ್ದು, ಹೆಸರು ಬರೆಯುವ ಪೇಂಟರ್ ಶಿದ್ರಾಮ. ಮೂವರೂ ಸೇರಿ ಒಂದು ಕಾಗದದ ಕೊಳವೆಯನ್ನು ಹಿಡಿದು ಕೂತಿದ್ದರು, ಕರುವಿಗೆ ಔಷಧಿ ಕುಡಿಸುವವರ ಹಾಗೆ.

"ಏನ್ ನಡಸೀರಿ?" ಎಂದಳು ಸುಂದ್ರವ್ವ.

"ರಾಕೆಟ್ ರಿ ಆಯಿ, ಕಾಗದದ್ದು. ಅಂಟು ಹತ್ತವಲ್ದು" ಎಂದಳು ಅರ್ಚನಾ.

"ಹೆಂಗ್ ಹತ್ತತೈತಿ? ಗೋಂದು ನೀರಾಗೈತಿ. ಬರೋ ಐತವಾರ ನಾ ಗಂಜಿ ತರ್ತೀನಿ, ನೋಡ್ರಿ."

"ತರೂದ ಆದ್ರ ಜೋಡಿ ಉಪ್ಪಿನಕಾಯಿನೂ ತರ್ರಿ ಯವ್ವಾ" ಎಂದ ಮಹಾಂತೇಶ.

ಅವಳು ಎರಡನ್ನೂ ತಂದಳು. ಅಂದಿನಿಂದ ಅವರು ನಾಲ್ಕು ಜನರಾದರು. ದಪ್ಪ ರಟ್ಟು ತರುವುದು ಮಹಾಂತೇಶನ ಪಾಲು, ಬರೆಯುವುದು ಶಿದ್ರಾಮನದು, ಗೆರೆ ತಪ್ಪದೆ ಕತ್ತರಿಸುವುದು ಅರ್ಚನಾಳದು, ಮಡಚಿ ಅಂಟಿಸಿ ಒಣಗುವ ತನಕ ಬೆರಳಲ್ಲಿ ಹಿಡಿದು ಕೂರುವುದು ಸುಂದ್ರವ್ವನದು. ಎರಡು ರಾಕೆಟ್ ಆದವು, ಒಂದು ಉಪಗ್ರಹವಾಯಿತು. ಆಮೇಲೆ ಶಿದ್ರಾಮ ಹಟ ಹಿಡಿದ: ಚಂದ್ರನ ಮೇಲೆ ಓಡಾಡಿತಲ್ಲ, ಆರು ಗಾಲಿಯ ಗಾಡಿ, ಅದನ್ನು ಮಾಡಬೇಕು. ಅದೂ ಬರಿ ನೋಡಲಿಕ್ಕಲ್ಲ. ಒಂದು ಗಾಲಿ ಕಲ್ಲು ಹತ್ತಿದರೂ ಮೇಲಿನ ಪೆಟ್ಟಿಗೆ ವಾಲದೆ ನಿಲ್ಲಬೇಕು. ಅದಕ್ಕೆ ಗಾಲಿಗಳನ್ನು ಹಿಡಿದ ತೋಳುಗಳು ಒಂದಕ್ಕೊಂದು ಆಡಬೇಕು. ಕೀಲುಗಳಿಗೆ ಹಳೆಯ ಛತ್ರಿಯ ಕಡ್ಡಿ.

ಇನ್ನೂರಾ ಹನ್ನೆರಡು ತುಂಡುಗಳನ್ನು ಶಿದ್ರಾಮ ರಟ್ಟಿನ ಮೇಲೆ ಕೈಯಾರೆ ಬರೆದ. ಆ ರಟ್ಟು ಝೆರಾಕ್ಸ್ ಮಷೀನಿನಲ್ಲಿ ಹೋಗುತ್ತಿರಲಿಲ್ಲ, ಹೋದರೂ ನಕಲು ಅವನಿಗೆ ಬೇಕಿರಲಿಲ್ಲ. ಅಂಟಿಸುವ ಪ್ರತಿ ಅಂಚಿನ ಮೇಲೆ ಬರಿ ಅಂಕಿ: ಹದಿನಾಲ್ಕಕ್ಕೆ ಹದಿನಾಲ್ಕು, ಹದಿನೈದಕ್ಕೆ ಹದಿನೈದು.

"ಇದರಾಗ ಒಂದ್ ಅಕ್ಷರ ಇಲ್ಲ ನೋಡ್ರಿ ಯಕ್ಕಾ" ಎಂದಿದ್ದ. "ನಿಮಗ ತಿಳೀದಂಥಾದ್ದು ಈ ಗಾಡ್ಯಾಗ ಏನೂ ಇಲ್ಲ."

ಆ ಮಾತನ್ನು ಸುಂದ್ರವ್ವ ಯಾರಿಗೂ ಹೇಳಿರಲಿಲ್ಲ. ಒಳಗೇ ಇಟ್ಟುಕೊಂಡಿದ್ದಳು.

ಗಾಡಿ ಅರ್ಧವಾಗಿತ್ತು, ಅಷ್ಟರಲ್ಲಿ ಶಿದ್ರಾಮನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಅವನ ಹೆಂಡತಿ ಗೌರಕ್ಕ ಫೋನಿನಲ್ಲಿ ಅಳುತ್ತ ಹೇಳಿದಳು: "ದಿನಾ ಗ್ವಾಡಿ ಕಡೆ ಮುಖಾ ಮಾಡಿ ಮಲಗ್ತಾರ್ರಿ. ಅರ್ಚನಾ ಗಾಡಿ ಫೋಟೋ ಕಳಿಸಿದ್ರ ಅಷ್ಟ ಈ ಕಡೆ ಹೊಳ್ಳತಾರ." ಮೂವರೂ ಮಾತು ಕೊಟ್ಟರು: ಶ್ರಾವಣದ ಎರಡನೆಯ ರವಿವಾರ ಗಾಡಿ ತರುತ್ತೇವೆ, ಅವನ ಕಣ್ಣೆದುರೇ ಕಲ್ಲು ಹತ್ತಿಸುತ್ತೇವೆ.

ಕೊನೆಯ ವಾರ ಗಾಡಿ ಸುಂದ್ರವ್ವನ ಮನೆಯಲ್ಲಿತ್ತು. ಗಾಲಿಗಳ ಅಂಚು ಅಂಟಿಸುವುದೊಂದೇ ಉಳಿದಿತ್ತು. ಬುಧವಾರ ಅದೂ ಮುಗಿಯಿತು. ಫರಸಿಯ ಮೇಲೆ ಒಂದು ಬೆಣಚುಕಲ್ಲು ಇಟ್ಟು ಬೆರಳಲ್ಲಿ ತಳ್ಳಿ ನೋಡಿದಳು. ಗಾಲಿ ಏರಿತು, ಇಳಿಯಿತು. ಪೆಟ್ಟಿಗೆ, ತುಂಬಿದ ಕೊಡ ಹೊತ್ತವಳ ತಲೆಯ ಹಾಗೆ, ನೆಟ್ಟಗೆ ಹೋಯಿತು. ಅವಳು ಮೂರು ಸಲ ತಳ್ಳಿದಳು, ನಾಲ್ಕನೆಯ ಸಲ ತಳ್ಳಲಿಲ್ಲ. ಶಿದ್ರಾಮನಿಗೆ ಉಳಿಯಲಿ ಎಂದು.

ಆದರೆ ಜಿಟಿಜಿಟಿ ಮಳೆ. ಗೋಡೆ ಬೆವರಿತು, ರೊಟ್ಟಿ ಮೆತ್ತಗಾದವು. ಶನಿವಾರ ಬೆಳಿಗ್ಗೆ ಗಾಲಿಯನ್ನು ಮುಟ್ಟಿದರೆ ಬೆರಳು ಸ್ವಲ್ಪ ಒಳಗೆ ಹೋಯಿತು. ನಾಳೆ ಎರಡು ಬಸ್ಸು ಹತ್ತಿಳಿಯಬೇಕು. ಹಿಂಗೇ ಮೆತ್ತಗಾದರೆ ಯಮಕನಮರಡಿ ಮುಟ್ಟುವುದರೊಳಗೆ ಗಾಡಿ ಕುಸಿಯುತ್ತದೆ. ಅಷ್ಟರಲ್ಲಿ, ಹತ್ತು ಗಂಟೆಗೆ, ಮೋಡ ಸರಿದು ಬಿಸಿಲು ಬಿತ್ತು.

ಕಂಬಳಿಯನ್ನು ಮಳೆಯಿಂದ ಕಾಯುವ ಗಂಜಿ ಕಾಗದವನ್ನು ಕಾಯದೇ? ಅವಳು ಯಾರನ್ನೂ ಕೇಳಲಿಲ್ಲ. ಗಂಜಿಯ ಮಾತಿನಲ್ಲಿ ಅವಳು ಯಾರನ್ನು ಕೇಳಬೇಕು? ತೆಳ್ಳಗೆ ಕುದಿಸಿದಳು, ಅರಿವೆಯಲ್ಲಿ ಸೋಸಿದಳು. ಕೋಳಿಪುಕ್ಕದಿಂದ ಪೆಟ್ಟಿಗೆಗೆ, ತೋಳುಗಳಿಗೆ, ಆರೂ ಗಾಲಿಗೆ, ಎಲ್ಲೂ ಹನಿ ನಿಲ್ಲದ ಹಾಗೆ ಒಂದು ಕೈ ಬಳಿದಳು. ಅಂಗಳದಲ್ಲಿ ಹೊರಸಿನ ಮೇಲೆ ಮಣೆ ಇಟ್ಟು, ಮಣೆಯ ಮೇಲೆ ಗಾಡಿ ಇಟ್ಟು, ಕಾಗೆ ಕಾಯುತ್ತ ಕೂತಳು.

ಮೊದಲು ಎಡಗಡೆಯ ಮುಂದಿನ ಗಾಲಿ ಮಣೆ ಬಿಟ್ಟು ಎದ್ದಿತು, ಒಂದು ಜೋಳದ ಕಾಳಿನಷ್ಟು. ತನ್ನ ಕಣ್ಣಿನ ದೋಷವೆಂದುಕೊಂಡಳು. ಸ್ವಲ್ಪ ಹೊತ್ತಿಗೆ ಆ ಸಂದಿಯಲ್ಲಿ ಬೆರಳು ಹೋಗುವಷ್ಟಾಯಿತು. ಹಿಂದಿನ ತೋಳು ಒಳಗೆ ಬಾಗತೊಡಗಿತು. ಒದ್ದೆಯಿದ್ದಾಗ ಹಿಡಿದರೆ ರಟ್ಟು ಹರಿಯುತ್ತದೆ, ಒಣಗಲು ಬಿಟ್ಟರೆ ಇನ್ನೂ ಸೊಟ್ಟಗಾಗುತ್ತದೆ. ನೆರಳಿಗೆ ಒಯ್ದಳು. ನೆರಳಲ್ಲಿಯೂ ಅದು ತನ್ನ ಪಾಡಿಗೆ ತಾನು ಬಿಗಿಯುತ್ತಲೇ ಇತ್ತು. ಒದ್ದೆ ಅರಿವೆ ಒತ್ತಿ ನೋಡಿದಳು. ಶಿದ್ರಾಮನ ಕರಿ ಗೆರೆ ಕದಡಿ ಅರಿವೆಗೆ ಬಂತು. ಕೈ ತೆಗೆದಳು.

ಆಗ ಹೊಳೆಯಿತು. ಹಾಸಿನ ನೂಲನ್ನು ಎರಡೂ ತುದಿಗೆ ಗೂಟಕ್ಕೆ ಎಳೆದು ಕಟ್ಟಿರುತ್ತಾರೆ. ಗಂಜಿ ಎಷ್ಟೇ ಬಿಗಿದರೂ ನೂಲಿಗೆ ಹೊರಳಲು ಜಾಗವಿಲ್ಲ. ಈ ಗಾಡಿಯನ್ನು ಯಾರು ಎಳೆದು ಹಿಡಿದಿದ್ದರು? ನಲವತ್ತು ವರ್ಷ ಗಂಜಿ ಬಳಿದವಳಿಗೆ ಗೂಟದ ನೆನಪು ಬರಲಿಲ್ಲ. ಗೂಟ ಹೊಡೆಯುವುದು ಯಾವತ್ತೂ ಬೀರಸಿದ್ದಪ್ಪನ ಕೆಲಸವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಗಾಡಿ ಕಟ್ಟಿಗೆಯಂತೆ ಗಟ್ಟಿಯಾಯಿತು. ಎರಡು ಗಾಲಿ ಮೇಲೆ, ನಾಲ್ಕು ಕೆಳಗೆ. ಅವಳು ಅರ್ಚನಾಳಿಗೆ ಫೋನ್ ಹಚ್ಚಿದಳು.

"ಯವ್ವಾ ಅರ್ಚನಾ, ಗಾಡಿ ಕೆಡಿಸೀನಿ."

"ಅಂದ್ರ ಏನಾತ್ರಿ ಆಯಿ?"

ಬಳಿದದ್ದು, ಬಿಸಿಲಿಗಿಟ್ಟದ್ದು, ಯಾವ ಗಾಲಿ ಎಷ್ಟು ಎದ್ದಿದೆ ಎಂಬುದು, ಎಲ್ಲವನ್ನೂ ಸುಂದ್ರವ್ವ ಒಂದೊಂದಾಗಿ ಹೇಳಿದಳು.

"ಇಸ್ತ್ರಿ ಹಾಕಿದ್ರ?" ಎಂದಳು ಅರ್ಚನಾ.

"ಇಸ್ತ್ರಿ ಹಾಕಾಕ ಅದೇನ ಧೋತರಾ ಐತೇನ ತಂಗಿ? ಗಾಲಿ ಅದು, ದುಂಡಗೈತಿ."

"ಮತ್ತ ಹೊಸಾ ತುಂಡ ಮಾಡೋಣು."

"ಯಾರ್ ಬರೀತಾರವಾ?"

ಸುಂದ್ರವ್ವ ಫೋನ್ ಇಟ್ಟು ಬುಟ್ಟಿ ಹುಡುಕಲು ಎದ್ದಳು.

ಮರುದಿನ ಬುಟ್ಟಿಯಲ್ಲಿ ಗಾಡಿ ಇಟ್ಟು, ಮೇಲೆ ಸೆರಗು ಮುಚ್ಚಿ, ಗೋಕಾಕಕ್ಕೆ ಬಂದಳು. ಅರ್ಚನಾ, ಮಹಾಂತೇಶ ಅಲ್ಲಿ ಕೂಡಿಕೊಂಡರು. ಮುಂದಿನ ಬಸ್ಸಿನಲ್ಲಿ ಮಹಾಂತೇಶ ಸೆರಗು ಸರಿಸಿ ನೋಡಿದ. "ಬೈಯಪ್ಪಾ ತಮ್ಮಾ, ಬೈದು ಬಿಡು" ಎಂದಳು ಅವಳು. ಅವನು ಸೆರಗು ಮತ್ತೆ ಮುಚ್ಚಿ, "ಕಿಡಕಿ ಬಾಜೂ ಕುಂಡ್ರ್ರಿ, ಗಾಳಿ ಬರತೈತಿ" ಎಂದನಷ್ಟೆ. ಹುಕ್ಕೇರಿ ದಾಟುವ ತನಕ ಅವಳು ಬುಟ್ಟಿಯನ್ನು ಮಡಿಲಲ್ಲೇ ಹಿಡಿದಿದ್ದಳು.

ಶಿದ್ರಾಮನನ್ನು ಗೌರಕ್ಕ ತಲೆದಿಂಬಿಗೆ ಆನಿಸಿ ಕೂರಿಸಿದ್ದಳು. ಗಡ್ಡ ತೆಗೆಸಿ, ಬಿಳಿ ಅಂಗಿ ತೊಡಿಸಿದ್ದಳು. ಬುಟ್ಟಿ ತೆರೆಯುವ ಮೊದಲೇ ಸುಂದ್ರವ್ವ ಅವನ ಎದುರು ಕೂತು ಹೇಳಿದಳು: "ಶಿದ್ರಾಮಾ, ಬುಧವಾರ ಇದು ಕಲ್ಲು ಹತ್ತಿತ್ತಪಾ. ಮೂರ್ ಸಲ ಹತ್ತಿತ್ತು, ನಾ ಕಣ್ಣಾರೆ ನೋಡೀನಿ. ಮೆತ್ತಗಾಗಬಾರದಂತ ನಿನ್ನೆ ಮೈತುಂಬ ಗಂಜಿ ಹಚ್ಚಿದೆ. ನನ್ನ ಕೈಯಾರ ಕೆಡಿಸಿದೆ. ಇವರದೇನೂ ತಪ್ಪಿಲ್ಲ."

ಅವನು ಗಾಡಿಯನ್ನೇ ನೋಡುತ್ತಿದ್ದ. ಮಹಾಂತೇಶ ಅಂಗಳದಿಂದ ಒಂದು ಹರಳುಕಲ್ಲು ತಂದು, ಹಾಸಿಗೆಯ ಪಕ್ಕ ಹಲಗೆಯ ಮೇಲೆ ಇಟ್ಟು, ಗಾಡಿ ತಳ್ಳಿದ. ಅದು ಎಡಕ್ಕೆ ತಿರುಗಿತು. ಸರಿಮಾಡಿ ತಳ್ಳಿದ. ಗಾಲಿ ಹರಳು ಏರಿತು, ಪೆಟ್ಟಿಗೆ ವಾಲಿತು, ಗಾಡಿ ಮಗ್ಗುಲಾಗಿ ಬಿತ್ತು.

"ಚಂದ್ರನ ಮ್ಯಾಲಿನ ರಸ್ತಾ ಭಾಳ ಕೆಟ್ಟೈತಿ ಬಿಡ್ರಿ ಶಿದ್ರಾಮಣ್ಣ" ಎಂದ. ಗಾಡಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ.

ಶಿದ್ರಾಮ ಎಡಗೈ ಚಾಚಿದ. ಗಾಡಿಯನ್ನು ಮಡಿಲಿಗೆ ಎಳೆದುಕೊಂಡು, ಬಾಗಿದ ತೋಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ಒತ್ತಿದ. ಚಟ್ ಎಂದಿತು. ತೋಳು ಎರಡು ತುಂಡಾಯಿತು. ಅವನ ಗಂಟಲಿನಿಂದ ಏನೋ ದನಿ ಬಂತು. ಬೈಗಳೋ, ಅಳುವೋ, ಬೇರೆ ಏನೋ, ಮೂವತ್ತು ವರ್ಷ ಜೊತೆಗೆ ಬಾಳಿದ ಗೌರಕ್ಕನಿಗೂ ತಿಳಿಯಲಿಲ್ಲ.

ಆಮೇಲೆ ಅವನು ಗಾಳಿಯಲ್ಲಿ ಬೆರಳಾಡಿಸಿದ. ಎರಡನೆಯ ಸಲ ಆಡಿಸಿದಾಗ ಅರ್ಚನಾಳಿಗೆ ಅರ್ಥವಾಗಿ, ಪೆನ್ಸಿಲ್ಲು, ಒಂದು ಹಾಳೆ ಕೊಟ್ಟಳು. ಎಡಗೈಯಲ್ಲಿ ಹಿಡಿದ. ಗಾಲಿ ಬರೆಯಲು ಹೊರಟಿದ್ದಾನೆಂದು ಎಲ್ಲರಿಗೂ ಗೊತ್ತಾಯಿತು. ಗೆರೆ ಎದ್ದಿತು, ನಡುಗಿತು, ಎತ್ತಲೋ ಹೋಯಿತು. ದುಂಡಗಾಗಲಿಲ್ಲ. ಪೆನ್ಸಿಲ್ಲಿನ ಜೊತೆ ಹಾಳೆಯೂ ಸರಿಯುತ್ತಿತ್ತು. ಸುಂದ್ರವ್ವ ಮುಂದೆ ಬಾಗಿ ಎರಡೂ ಕೈಯನ್ನು ಗೂಟದ ಹಾಗೆ ಊರಿ ಹಾಳೆಯನ್ನು ಒತ್ತಿ ಹಿಡಿದಳು.

"ಬಿಡ್ರಿ, ಸಾಕ್ ಈಗ. ದಣೀತೀರಿ" ಎಂದಳು ಗೌರಕ್ಕ.

ಅವನು ಬಿಡಲಿಲ್ಲ. ಆ ಹಾಳೆ ತುಂಬಿತು. ಅರ್ಚನಾ ಇನ್ನೊಂದು ಕೊಟ್ಟಳು. ಮಹಾಂತೇಶ ಹೊರಗೆ ಹೋಗಿ ಬಂದು, "ಯವ್ವಾ, ಬಸ್ಸಿನ ವ್ಯಾಳೆ ಆತು" ಎಂದ.

"ನೀವ್ ನಡೀರಿ ಮುಂದ" ಎಂದಳು ಸುಂದ್ರವ್ವ, ತಲೆ ಎತ್ತದೆ. ಪೆನ್ಸಿಲ್ಲು ಅಂಚಿಗೆ ಬಂದಿತ್ತು. ಗೆರೆ ಹಾಳೆ ದಾಟಿ ಹೋಗದಿರಲೆಂದು ಅವಳು ಹಾಳೆಯನ್ನು ಇಷ್ಟೇ ಇಷ್ಟು ಅತ್ತ ಸರಿಸಿದಳು.