ಐದನೇ ಕೋಣೆಯಲ್ಲಿ ಕೂತ ಸಂಖ್ಯೆ

ಒಂಟಿಯಾಗಿ ಬದುಕುವವರ ದಿನದ ಮೊದಲ ಮಾತಿಗೆ ಸ್ವಲ್ಪ ತುಕ್ಕು ಹಿಡಿದಿರುತ್ತದೆ. ನನ್ನ ಮೊದಲ ಮಾತು ಸಾಮಾನ್ಯವಾಗಿ ಕುಕ್ಕರಿಗೆ ಸಲ್ಲುತ್ತದೆ. 'ಸಾಕು, ಸುಮ್ಮನಿರು' ಎಂಬ ಆ ಒಂದು ವಾಕ್ಯದಾಚೆ ನನ್ನ ವಾಕ್ಪಟುತ್ವ ಮಧ್ಯಾಹ್ನದವರೆಗೂ ಮುಂದುವರಿಯುವುದಿಲ್ಲ. ವಿಜಯನಗರದ ಮಾರುಕಟ್ಟೆಯ ಗದ್ದಲ ನಮ್ಮ ಬೀದಿಯ ತುದಿಯವರೆಗೆ ಬರುತ್ತದೆ, ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಮಾತ್ರ ಬರುವುದಿಲ್ಲ.

ಐವತ್ತೆರಡು ವರ್ಷದ ನಾನು ಮನೆಯಲ್ಲೇ ಕೂತು, ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ ಓಡುವ ಪ್ರೋಗ್ರಾಂ ಬರೆಯುತ್ತೇನೆ. ಈಚೆಗೆ ನಮ್ಮ ಕಂಪನಿ ಹಳೆಯ ಚಿಪ್ಪಿನ ಬದಲು ಅಗ್ಗದ ಪುಟ್ಟ ಚಿಪ್ ಕೂರಿಸಿದ ತಕ್ಕಡಿಯೊಂದನ್ನು ಕಳಿಸಿತು. ನನ್ನ ಪ್ರೋಗ್ರಾಂ ಮನೆಯ ಕಂಪ್ಯೂಟರಿನಲ್ಲಿ ಸರಾಗವಾಗಿ ಓಡಿತು. ತಕ್ಕಡಿಯಲ್ಲಿ ಸೊನ್ನೆ ತೋರಿಸಿ ಸ್ತಬ್ಧವಾಯಿತು. ನನಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಮ್ಯಾನೇಜರ್ ಫೋನಿನಲ್ಲಿ ಬಹಳ ಮರ್ಯಾದೆಯಿಂದಲೇ ಹೇಳಿದ: "ಮೇಡಂ, ಕೋಡ್ ತುಂಬಾ ಹಳೇದಲ್ವಾ. ಶುಕ್ರವಾರದೊಳಗೆ ಆಗ್ಲಿಲ್ಲ ಅಂದ್ರೆ ಬೇರೆಯವ್ರ ಹತ್ರ ಹೊಸದಾಗಿ ಬರೆಸಿಬಿಡೋಣ." ಆ ವಿಶೇಷಣ ಕೋಡಿಗೆ ಸಂದದ್ದೋ, ಅದನ್ನು ಬರೆದು ತಲೆಗೆ ಕೋಡು ಮೂಡಿಸಿಕೊಂಡಿದ್ದವಳಿಗೋ ಎಂದು ನಾನು ವಿಚಾರಿಸಲಿಲ್ಲ.

ಮೂರು ದಿನ ಹುಡುಕಿದೆ. ಗುರುವಾರ ಸಂಜೆ ನಾಲ್ಕಕ್ಕೆ ದೋಷ ಸಿಕ್ಕಿತು. ಕಂಪ್ಯೂಟರಿನ ನೆನಪೆಂದರೆ ಸಾಲಾಗಿ ನಂಬರು ಹಾಕಿದ ಕೋಣೆಗಳು. ತೂಕದ ಸಂಖ್ಯೆಗೆ ಅಂಥ ನಾಲ್ಕು ಕೋಣೆಗಳು ಬೇಕು. ಮೊದಲ ಕೋಣೆಯ ನಂಬರು ನಾಲ್ಕರಿಂದ ಭಾಗವಾಗಲೇಬೇಕು ಎಂಬುದು ಆ ಪುಟ್ಟ ಚಿಪ್ಪಿನ ನಿಯಮ. ನಾಲ್ಕನೇ ಕೋಣೆಯಲ್ಲಿ ಆಗಲೇ ಬೇರೊಂದು ಅಂಕೆ ಇದ್ದದ್ದರಿಂದ ನಾನು ಅದನ್ನು ಐದನೇ ಕೋಣೆಯಿಂದ ಕೂರಿಸಿದ್ದೆ. ದೊಡ್ಡ ಪ್ರೊಸೆಸರುಗಳು ಇಂಥ ಅಪರಾಧವನ್ನು ಕ್ಷಮಿಸಿ, ಎರಡು ಸಲ ಓಡಾಡಿಯಾದರೂ ಸಂಖ್ಯೆಯನ್ನು ಒಟ್ಟುಗೂಡಿಸಿ ತರುತ್ತವೆ. ಚಿಕ್ಕದು ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಐದು, ಆರು, ಏಳನ್ನು ಖಾಲಿ ಬಿಟ್ಟು ಎಂಟರಿಂದ ಶುರುಮಾಡಿದೆ. ತಕ್ಕಡಿಯ ಮೇಲೊಂದು ಈರುಳ್ಳಿ ಇಟ್ಟರೆ ನೂರ ಹನ್ನೆರಡು ಗ್ರಾಂ ಎಂದಿತು.

ಯಾರಿಗಾದರೂ ಹೇಳಬೇಕೆನಿಸಿತು. ಮ್ಯಾನೇಜರ್‌ಗೆ ಮೆಸೇಜು ಹಾಕಿದೆ, ಮೇಲೆತ್ತಿದ ಹೆಬ್ಬೆರಳೊಂದು ಉತ್ತರವಾಗಿ ಬಂತು. ಫೋನಿನಲ್ಲಿದ್ದ ಹೆಸರುಗಳನ್ನು ಸರಿಸುತ್ತಾ ಹೋದೆ: ಗ್ಯಾಸಿನವರು, ಪ್ಲಂಬರ್, ಹತ್ತು ವರ್ಷದಿಂದ ಮಾತಾಡದ ಸಹಪಾಠಿಗಳು. ಕೊನೆಗೆ ಚಪ್ಪಲಿ ಮೆಟ್ಟಿ ಕೆಳಗಿಳಿದೆ.

ಕೆಳಗಿನ ಮನೆಯಲ್ಲಿ ಓನರ್ ಅವರ ತಾಯಿ ಜಯಮ್ಮನವರು ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನೀರು ಬಂತೇ, ಮೋಟರ್ ಹಾಕಿದಿರಾ ಎನ್ನುವುದರಾಚೆ ನಾವು ಮಾತಾಡಿದವರಲ್ಲ. ನಾನು ನಿಂತುಕೊಂಡೇ ಐದನೇ ಕೋಣೆಯ ಕಥೆಯನ್ನೆಲ್ಲ ಒಪ್ಪಿಸಿದೆ.

"ಮೂರು ಕೋಣೆ ಖಾಲಿ ಬಿಟ್ರೆ ದಂಡ ಅಲ್ವೇನಮ್ಮಾ?" ಎಂದರು.

"ದಂಡಾನೇ ಆಂಟಿ. ಬಿಡ್ಲಿಲ್ಲ ಅಂದ್ರೆ ಅದು ಮುಂದಕ್ಕೇ ಹೋಗಲ್ಲ."

"ಮೂರು ದಿನ ಇದನ್ನೇ ಹುಡುಕ್ತಿದ್ಯಾ? ಊಟ ಗೀಟ ಮಾಡಿದ್ಯೋ ಇಲ್ವೋ?"

ಅವರಿಗೆಷ್ಟು ಅರ್ಥವಾಯಿತೋ ತಿಳಿಯದು. ಆದರೆ ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಹಾಗೇ ಹಿಡಿದುಕೊಂಡು ಕೇಳಿದ್ದರು. ಆಮೇಲೆ ಒಳಗೊಮ್ಮೆ ಕಣ್ಣುಹಾಯಿಸಿ ದನಿ ತಗ್ಗಿಸಿದರು. "ನಾನೂ ಒಂದು ಹೇಳ್ಲಾ? ಮನೇಲಿ ಯಾರಿಗೂ ಹೇಳಿಲ್ಲ. ಮೊನ್ನೆ ಒಬ್ಬಳೇ ಮೆಟ್ರೋ ಹತ್ತಿ ಕೆಂಗೇರಿಗೆ ಹೋಗಿ ಬಂದೆ."

"ಏನು ಕೆಲ್ಸ ಇತ್ತು ಆಂಟಿ?"

"ಏನೂ ಇಲ್ಲ. ಇಳಿದೆ, ಒಂದು ಕಾಫಿ ಕುಡಿದೆ, ಬಂದೆ. ಕಾರ್ಡ್ ಇಟ್ರೆ ಗೇಟು ನಂಗೂ ತೆರ್ಕೊಳ್ತು."

ಆ ಮನೆಯಲ್ಲಿ ಆರು ಜನರಿದ್ದಾರೆ. ಅವರ ಟೀವಿಯ ಸದ್ದು, ಊಟದ ಹೊತ್ತಿನ ನಗು ಮೇಲಕ್ಕೆ ಕೇಳಿಬಂದಾಗಲೆಲ್ಲ ನಾನು ಅಸೂಯೆಪಟ್ಟದ್ದುಂಟು; ಆ ಆರು ಜನರೊಳಗೆ ಒಬ್ಬರಿಗೆ ಒಂದು ಕಾಫಿಯ ಸುದ್ದಿ ಹೇಳಲು ಕಿವಿ ಸಿಕ್ಕಿರಲಿಲ್ಲವೆಂಬುದು ಗೊತ್ತಿರಲಿಲ್ಲ. ಮುಂದಿನ ಸಲ ನೀನೂ ಬಾ ಎಂದು ಅವರು ಕರೆಯಲಿಲ್ಲ, ಬರಲೇ ಎಂದು ನಾನೂ ಕೇಳಲಿಲ್ಲ. ಮೆಟ್ಟಿಲ ಮೇಲೆ ಕೂತು ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡೆ.

"ಯಾರ ಜೊತೆ ಮಾತಾಡ್ತಿದೀರಾ ಅತ್ತೆ?" ಎಂದು ಒಳಗಿನಿಂದ ಸೊಸೆ ಕೇಳಿದಳು.

"ಯಾರೂ ಇಲ್ಲ ಕಣೇ, ಮೇಲ್ಗಡೆ ಮನೆಯವ್ರು."

ನಾವಿಬ್ಬರೂ ತಲೆಯೆತ್ತದೆ ನಕ್ಕೆವು.