ಕಲ್ಲೇಶಣ್ಣನ ಬಾಯಿಗೆ ಬೀಗ

ಆಲ್ದೂರಿನಿಂದ ಬಾಳೆಹೊನ್ನೂರು ಬಸ್ಸು ಹೊರಡುವುದು ಡ್ರೈವರನ ಕೈಯಲ್ಲಿಲ್ಲ, ಕಲ್ಲೇಶಣ್ಣನ ಗಂಟಲಲ್ಲಿದೆ. ಮುಖ್ಯರಸ್ತೆಯಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ: ಕತ್ತಿ, ಹಗ್ಗ, ಟಾರ್ಪಾಲು, ಪೈಪು, ಗಮ್‌ಬೂಟು. ಅದರ ಪಕ್ಕದ್ದೇ ನನ್ನ ಹೊಲಿಗೆ ಅಂಗಡಿ. ಎದುರಿನ ಹೋಟೆಲಿನಲ್ಲಿ ಯಾರಾದರೂ ಇನ್ನೂ ಕಾಫಿ ಕುಡಿಯುತ್ತಿದ್ದರೆ ಇವರು ಗಲ್ಲಾದಿಂದಲೇ "ಏಯ್, ನಿಲ್ಸೋ ಮಾರಾಯ, ಇನ್ನೊಬ್ರು ಬರ್ತಿದ್ದಾರೆ!" ಎಂದು ಕೂಗು ಹಾಕುತ್ತಾರೆ. ಹೊರಟ ಬಸ್ಸು ನಿಲ್ಲುತ್ತದೆ. ಆ ಕೂಗಿಗೆ ಬೆಚ್ಚಿ ನನ್ನ ಕತ್ತರಿ ಅಡ್ಡ ಓಡಿ ಎಷ್ಟು ಜನರ ತೋಳು ಗಿಡ್ಡವಾಗಿದೆಯೋ ದೇವರೇ ಬಲ್ಲ.

ಇಂಥ ಮನುಷ್ಯ ಹಕ್ಕಿ ನೋಡಲು ಹೊರಟರು.

ಆಸೆ ಅವರದಲ್ಲ, ಅವರ ಹೆಂಡತಿ ತನುಜಕ್ಕನದು. ಅವರ ಮನೆಯ ಹಿಂದೆ ಒಂದು ಹಳ್ಳ ಹರಿಯುತ್ತದೆ. ಮಳೆಗಾಲದಲ್ಲಿ ಬೆಳಕು ಹರಿಯುವ ಮುಂಚೆ ಅಲ್ಲೊಂದು ಹಕ್ಕಿ ಸಿಳ್ಳೆ ಹಾಕುತ್ತದೆ, ಅರ್ಧ ಮರೆತ ಹಾಡನ್ನು ಯಾರೋ ನೆನಪು ಮಾಡಿಕೊಳ್ಳುತ್ತಿರುವ ಹಾಗೆ. ಮದುವೆಯಾಗಿ ಜಾವಳಿಯಿಂದ ಬಂದ ವರ್ಷದಿಂದಲೂ ತನುಜಕ್ಕ ಅದನ್ನು ಕೇಳಿದ್ದಾರೆ, ನೋಡಿಲ್ಲ. ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು ಹಿತ್ತಲ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಬಚ್ಚಲಿನಿಂದ "ತನುಜಾ, ಟವೆಲ್ಲು!" ಎಂಬ ಗರ್ಜನೆ ಬರುತ್ತದೆ. ಸಿಳ್ಳೆ ಅಲ್ಲಿಗೆ ನಿಲ್ಲುತ್ತದೆ. ಮಗಳ ಮದುವೆಯಾಯಿತು, ಮೊಮ್ಮಗು ಬಂತು, ಟವೆಲ್ಲು ಮಾತ್ರ ಇವರ ಕೈಗೆ ತಾನಾಗಿ ಸಿಗಲಿಲ್ಲ.

ಈ ಸಲ ಮಳೆ ಶುರುವಾಗುವಾಗ ತನುಜಕ್ಕ ಯಾರನ್ನೂ ಕೇಳದೆ ಅತ್ತಿಗುಂಡಿಯ ಒಂದು ಹೋಂಸ್ಟೇಯವರು ನಡೆಸುವ ಹಕ್ಕಿ ನೋಡುವ ಟೂರಿಗೆ ಹೆಸರು ಕೊಟ್ಟರು. ಹೆಂಡತಿಯೊಬ್ಬಳನ್ನೇ ಗುಡ್ಡಕ್ಕೆ ಕಳಿಸಿದರೆ ಜನ ಏನಂದಾರು ಎಂದು ಕಲ್ಲೇಶಣ್ಣನೂ ಗಂಟುಬಿದ್ದರು. ಅಳತೆ ರವಿಕೆ ಕೊಡಲು ಬಂದಿದ್ದ ತನುಜಕ್ಕ ನನ್ನ ಎದುರಿಗೇ ಷರತ್ತು ಹಾಕಿದರು.

"ಬನ್ನಿ, ಬೇಡ ಅನ್ನಲ್ಲ. ಆದ್ರೆ ಅಲ್ಲಿ ನಾನು ಹೇಳೋವರ್ಗೂ ನೀವು ಬಾಯಿ ಬಿಡಬಾರ್ದು."

"ಅಷ್ಟೇ ತಾನೆ? ನನ್ನ ಮಾತು ಅಂದ್ರೆ ಮಾತು ಕಣೇ, ಒಂದು ಸೊಲ್ಲೂ ಎತ್ತಲ್ಲ!" ಎಂದು ಕಲ್ಲೇಶಣ್ಣ ಕೊಟ್ಟ ಮಾತು ಬಸ್‌ಸ್ಟ್ಯಾಂಡಿನವರಿಗೆಲ್ಲ ಕೇಳಿಸಿತು.

ತಯಾರಿ ಶುರುವಾಯಿತು. ಹೋಂಸ್ಟೇಯಿಂದ ಫೋನಿಗೆ ಸೂಚನೆ ಬಂದಿತ್ತು: ಬಿಳಿ ಬಟ್ಟೆ ಬೇಡ, ಸೆಂಟು ಬೇಡ, ಕಾಡಿನ ಬಣ್ಣ ಹಾಕಿಕೊಂಡು ಬನ್ನಿ. ಕಲ್ಲೇಶಣ್ಣನ ಬೀರುವಿನಲ್ಲಿ ಬಿಳಿ ಅಂಗಿ ಬಿಟ್ಟರೆ ಬೇರೆ ಇಲ್ಲ. ಬಟ್ಟೆ ಕೊಳ್ಳಲು ಮನಸ್ಸು ಬರಬೇಕಲ್ಲ? ನರ್ಸರಿ ಗಿಡಗಳಿಗೆ ನೆರಳಿಗೆಂದು ಕಟ್ಟುವ ಹಸಿರು ನೆಟ್ಟನ್ನು ಅಂಗಡಿಯಿಂದಲೇ ಕತ್ತರಿಸಿ ತಂದು ನನ್ನ ಮೆಷಿನ್ ಮೇಲೆ ಹಾಕಿದರು. ನಿಲುವಂಗಿ ಆಗಬೇಕಂತೆ, ಟೋಪಿ ಸಮೇತ. ಸೂಜಿ ಮುರಿದುಕೊಂಡು ಹೊಲಿದುಕೊಟ್ಟೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಗಿಡದ ಹಾಗಂತೂ ಕಾಣಲಿಲ್ಲ, ಮಳೆಗಾಲಕ್ಕೆ ಮುಚ್ಚಿಟ್ಟ ಸ್ಕೂಟರಿನ ಹಾಗೆ ಕಂಡರು. "ಹೆಂಗೆ?" ಅಂದರು. "ಹಕ್ಕಿ ಬಂದು ಗೂಡು ಕಟ್ತದೆ ಬಿಡಿ," ಅಂದೆ. ಅದನ್ನು ಅವರು ಹೊಗಳಿಕೆ ಎಂದೇ ತಿಳಿದರು.

ಆಮೇಲೆ ಮೌನದ ಅಭ್ಯಾಸ. ಅಂಗಡಿ ತೆರೆದವರೇ ಬಾಯಿ ತುಂಬ ಎಲೆ ಅಡಿಕೆ ತುರುಕಿಕೊಂಡು ಕೂರುವುದು, ವ್ಯಾಪಾರವೆಲ್ಲ ಕೈಸನ್ನೆಯಲ್ಲೇ. ಮೊಳೆ ಎಷ್ಟುದ್ದ ಬೇಕೆಂದು ಇವರು ಬೆರಳು ತೋರಿಸಿ ಕೇಳಿದ ರೀತಿಗೆ ಎಸ್ಟೇಟಿನ ಲೆಕ್ಕ ಬರೆಯುವ ಒಬ್ಬ ರೈಟರು ಅವಮಾನವಾಯಿತೆಂದು ಎದ್ದುಹೋದ. ಊರು ಸುಮ್ಮನಿದ್ದೀತೆ? ಗಂಟಲಿಗೆ ಆಪರೇಷನ್ ಆಗಿದೆ ಅಂದರು. ಮಠದಲ್ಲಿ ಏನೋ ವ್ರತ ಹಿಡಿದಿದ್ದಾರೆ ಅಂದರು. ಪಂಚಾಯಿತಿ ಎಲೆಕ್ಷನ್ನಿಗೆ ನಿಲ್ಲುತ್ತಾರೆ, ಅದಕ್ಕೇ ಯಾರನ್ನೂ ಬೈಯುತ್ತಿಲ್ಲ ಎಂದೂ ಬುದ್ಧಿವಂತರು ಕಂಡುಹಿಡಿದರು. ಆ ವಾರ ಬಸ್ಸುಗಳು ಸಮಯಕ್ಕೆ ಸರಿಯಾಗಿ ಹೊರಟು ಅರ್ಧ ಆಲ್ದೂರಿಗೆ ಬಸ್ಸು ತಪ್ಪಿತು. ಇಷ್ಟು ವರ್ಷ ಬೈದುಕೊಂಡ ಕೂಗು ಇಲ್ಲದೆ ನನಗೂ ಬೇಜಾರಾಯಿತು, ಸುಳ್ಳೇಕೆ ಹೇಳಲಿ.

ಟೂರಿನಲ್ಲಿ ನಡೆದದ್ದನ್ನು ಆಮೇಲೆ ತನುಜಕ್ಕನೇ ನನಗೆ ಹೇಳಿದರು. ರಾಜೀವ್ ಎಂಬ ಗೈಡು, ಮೊಳದುದ್ದದ ಲೆನ್ಸು. ಯಾರೂ ಮಾತಾಡಬಾರದು ಎಂಬುದನ್ನು ವಿವರಿಸಲಿಕ್ಕೇ ಅವನಿಗೆ ಅರ್ಧ ದಾರಿ ಬೇಕಾಯಿತಂತೆ. ಒಂದು ತೊರೆಯ ಹತ್ತಿರ ನಿಂತು, "ಇದೇ ನೋಡಿ ಮಲಬಾರ್ ವಿಸ್ಲಿಂಗ್ ಥ್ರಶ್, ಅದೇ ಸಿಳ್ಳೆ ಹಾಕೋ ಹಕ್ಕಿ, ಬರೋ ಜಾಗ. ಹೇಗಿರುತ್ತೆ ಅಂತ ತೋರಿಸ್ತೀನಿ," ಎಂದು ಹೋದ ವರ್ಷ ತಾನು ತೆಗೆದ ಫೋಟೊವನ್ನು ಕ್ಯಾಮೆರಾದಲ್ಲಿ ತೆರೆದ. ಎಲ್ಲರೂ ಅದರ ಮೇಲೆ ಬಗ್ಗಿದರು, ತನುಜಕ್ಕನೂ. ನೆಟ್ಟಿನೊಳಗಿದ್ದ ಕಲ್ಲೇಶಣ್ಣನಿಗೆ ಆ ಗುಂಪಿನಲ್ಲಿ ಜಾಗ ಸಿಗಲಿಲ್ಲ, ಸುಮ್ಮನೆ ತೊರೆಯ ಕಡೆ ನೋಡಿದರು. ಬಂಡೆಯ ಮೇಲೆ ಆ ಹಕ್ಕಿ ಕೂತಿತ್ತು.

ಹೆಂಡತಿಯ ಶಾಲು ಎಳೆದರು. ತನುಜಕ್ಕ ತಿರುಗಿ ನೋಡದೆಯೇ ತುಟಿಯ ಮೇಲೆ ಬೆರಳಿಟ್ಟು "ಶ್" ಅಂದರು. ಮತ್ತೆ ಎಳೆದರು. ತನುಜಕ್ಕ ಶಾಲು ಬಿಡಿಸಿಕೊಂಡರು. ಕೊಟ್ಟ ಮಾತು ಅಂದರೆ ಮಾತು, ಬಾಯಿ ಬಿಡುವ ಹಾಗಿಲ್ಲ. ಹಕ್ಕಿ ಬಾಲ ಬಿಚ್ಚಿ, ಮಡಚಿ, ಹೊರಟುಹೋಯಿತು. ಫೋಟೊ ಬಹಳ ಚೆನ್ನಾಗಿದೆ ಎಂದು ಎಲ್ಲರೂ ಗೈಡನ್ನು ಹೊಗಳಿದರು.

ವಾಪಸು ಬರುವಾಗ ಜೀಪಿನಲ್ಲಿ ತನುಜಕ್ಕ "ಈಗ ಮಾತಾಡಿ" ಅಂದರಂತೆ.

"ಬಂದಿತ್ತು ಕಣೇ," ಅಂದರು ಕಲ್ಲೇಶಣ್ಣ, ಎಂದೂ ಇಲ್ಲದ ಸಣ್ಣ ದನಿಯಲ್ಲಿ. "ನಿನ್ನ ಹಿಂದೇನೇ ಕೂತಿತ್ತು. ಮೈಯೆಲ್ಲ ಕಪ್ಪು, ಹೆಗಲ ಹತ್ರ ನೀಲಿ."

"ಇಷ್ಟು ವರ್ಷ ಟವೆಲ್ಲಿಗೆ ಕೂಗಿದ್ರಿ. ಇವತ್ತೊಂದಿನ ಕೂಗಕ್ಕೆ ಆಗ್ಲಿಲ್ವ ನಿಮ್ಗೆ?"

ಆಲ್ದೂರು ಬರುವವರೆಗೂ ತನುಜಕ್ಕ ಅತ್ತರಂತೆ. ಕೇಳಿ ನನಗೆ ಗೈಡಿನ ಮೇಲೂ ಕಲ್ಲೇಶಣ್ಣನ ಮೇಲೂ ಒಟ್ಟಿಗೇ ಸಿಟ್ಟು ಬಂತು.

ಅಂದಿನಿಂದ ಕಲ್ಲೇಶಣ್ಣ ಟವೆಲ್ಲನ್ನು ತಾವೇ ತೆಗೆದುಕೊಳ್ಳುತ್ತಾರೆ. ದಿನಾ ಕತ್ತಲಿರುವಾಗಲೇ ಎದ್ದು ಹಸಿರು ನಿಲುವಂಗಿ ತೊಟ್ಟು ಹಿತ್ತಲಿನಲ್ಲಿ ಹಳ್ಳದ ಕಡೆ ಮುಖ ಮಾಡಿ ಕೂರತೊಡಗಿದರು. ಮಳೆ ನೆಟ್ಟಿನೊಳಗಿಂದ ನೇರ ತಲೆಗೆ ಇಳಿದು ನೆಗಡಿ ಹಿಡಿದರೂ ಬಿಡಲಿಲ್ಲ. ಮೊನ್ನೆ ಬೆಳಕು ಬಿಡುವ ಹೊತ್ತಿಗೆ ಇಡೀ ಆಲ್ದೂರು ಹಾಸಿಗೆಯಲ್ಲಿ ಎದ್ದು ಕೂತಿತು.

"ತನುಜಾ! ಬಾರೇ! ಬಂದಿದೆ ಕಣೇ, ಬೇಗ ಬಾರೇ!"

ಏನು ಅನಾಹುತವೋ ಎಂದು ನಾನು ಲುಂಗಿ ಕಟ್ಟಿಕೊಳ್ಳುತ್ತಲೇ ಓಡಿದೆ. ಆ ಕೂಗಿಗೆ ಯಾವ ಹಕ್ಕಿ ತಾನೆ ಕೂತೀತು? ಹಳ್ಳದ ಕತ್ತಲಿನಿಂದ ದಡಬಡನೆ ಎದ್ದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಯ್ದು, ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದ ತನುಜಕ್ಕನ ಮುಖದ ಮುಂದೆಯೇ ಹಾರಿಹೋಗಿತ್ತು.

ನಾನು ಹೋದಾಗ ಕಲ್ಲೇಶಣ್ಣ ಹಣೆ ಚಚ್ಚಿಕೊಳ್ಳುತ್ತಿದ್ದರು. "ಓಡಿಸ್ಬಿಟ್ಟೆ ಕಣೇ. ಈ ಹಾಳು ಬಾಯಿ!"

ತನುಜಕ್ಕ ಅವರ ನೆಟ್ಟಿನ ಟೋಪಿಯನ್ನು ಹಿಂದಕ್ಕೆ ಸರಿಸಿ, ಒದ್ದೆ ತಲೆಯನ್ನು ಸೆರಗಿನಿಂದ ಒರೆಸುತ್ತಿದ್ದರು.

"ನೋಡ್ದೆ ಕಣ್ರೀ," ಅಂದರು. "ಹೆಗಲೆಲ್ಲ ನೀಲಿ. ನಾಳೆನೂ ಕೂಗಿ."