ಪುಕ್ಕಟೆ ಕೊಟ್ಟಿದ್ದಕ್ಕೆ ಬಂದ ಹಣ

ಬ್ಯಾಂಕಿನ ಪತ್ರ ಬಂದ ದಿನ ನನಗೆ ಊಟ ಸೇರಲಿಲ್ಲ. ನನ್ನ ಖಾತೆಗೆ ಪರದೇಶದಿಂದ ಹಣ ಬಂದಿದೆ, ಖುದ್ದಾಗಿ ಬಂದು ಕಾರಣ ತಿಳಿಸಬೇಕು ಎಂದಿತ್ತು ಅದರಲ್ಲಿ.

ಆಗ ನಾನು ದಿನಾ ಮೂಡಲಗಿಯಿಂದ ಗೋಕಾಕಕ್ಕೆ ಬಸ್ಸಿನಲ್ಲಿ ಹೋಗಿ, ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದೆ. ಹಳೆಯ ಫಾಂಟಿನ ಕನ್ನಡವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಚುಗಳು ಕಾಣುತ್ತಿದ್ದವು. ಅದನ್ನು ಓದುವಂತೆ ಮಾಡುವ ಸಣ್ಣ ಪ್ರೋಗ್ರಾಂ ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಇಂಟರ್ನೆಟ್ಟಿಗೆ ಹಾಕಿದ್ದೆ. ಹೊರದೇಶದ ಗ್ರಂಥಾಲಯದಲ್ಲಿದ್ದ ಒಬ್ಬಾಕೆ ಅದನ್ನು ಹೊಗಳಿ ಇಮೇಲು ಬರೆದು, ಸ್ವಲ್ಪ ಹಣ ಕಳಿಸುತ್ತೇವೆಂದು ಖಾತೆಯ ನಂಬರು ಕೇಳಿದ್ದಳು. ಖುಷಿಯಲ್ಲಿ ಕೊಟ್ಟುಬಿಟ್ಟಿದ್ದೆ.

ಅವ್ವನಿಗೆ ಏನೂ ಹೇಳದೆ, ಹುಕ್ಕೇರಿ ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಕಾಕಾನ ಹತ್ತಿರ ಓಡಿದೆ.

"ಗುರ್ತಿಲ್ದಾಕಿಗೆ ನಂಬರ ಯಾಕ ಕೊಟ್ಟಿ? ಅದು ಕಳ್ಳರೊಕ್ಕ ಇದ್ರ ಪೊಲೀಸ್ರು ಮೊದಲ ನಿನ್ನ ಕೇಳ್ತಾರ," ಎಂದ ಕಾಕಾ.

ಮರುದಿನ ಆಕೆಯ ಇಮೇಲನ್ನು ಪ್ರಿಂಟು ತೆಗೆದುಕೊಂಡು ಬ್ಯಾಂಕಿಗೆ ಹೋದೆ.

"ಅವ್ರಿಗೆ ಏನ ಮಾರೀರಿ?" ಮ್ಯಾನೇಜರು ಕೇಳಿದರು.

"ಏನೂ ಮಾರಿಲ್ರಿ ಸರ್. ಪುಕ್ಕಟೆ ಕೊಟ್ಟೇನ್ರಿ."

"ಪುಕ್ಕಟೆ ಕೊಟ್ಟಿದ್ದಕ್ಕ ಯಾರರ ರೊಕ್ಕ ಕಳಸ್ತಾರೇನ್ರಿ?"

ಆಕೆಯ ಇಮೇಲಿನ ಕಾಗದವನ್ನು ಮುಂದೆ ಚಾಚಿದೆ. ಅವರು ಸಾಲಿನ ಮೇಲೆ ಬೆರಳಿಟ್ಟು ಓದಿದರು. ನಿಮ್ಮ ಪ್ರೋಗ್ರಾಮಿನಿಂದ ನಮ್ಮ ಗ್ರಂಥಾಲಯದ ಪಟ್ಟಿಯಲ್ಲಿರುವ ಕನ್ನಡ ಪುಸ್ತಕಗಳ ಹೆಸರುಗಳು ಮತ್ತೆ ಓದಲು ಬರುತ್ತಿವೆ. ಅರ್ಕಾವತ್ತು ಮಾತ್ರ ತಪ್ಪು ಅಕ್ಷರಕ್ಕೆ ಅಂಟಿಕೊಳ್ಳುತ್ತಿದೆ. ನಾವು ಕೆಲವರು ಕೂಡಿ ಕಳಿಸುವ ಹಣದಲ್ಲಿ ರಜೆ ಹಾಕಿ ಅದನ್ನು ಸರಿಪಡಿಸಿ, ಎಂದು ಆಕೆ ಬರೆದಿದ್ದಳು.

ಮ್ಯಾನೇಜರು ಕನ್ನಡಕ ತೆಗೆದರು. "ಇದನ್ನ ಒಂದ ಅರ್ಜಿಯೊಳಗ ಬರದ ಕೊಡ್ರಿ, ಸಾಕು. ಅಂಜಬ್ಯಾಡ್ರಿ."

ಅಂಜಿಕೆ ಹೋಗಲಿಲ್ಲ, ಬೇರೆ ಥರದ್ದಾಯಿತು. ಮುಖ ನೋಡದ ಜನ ನನ್ನನ್ನು ನಂಬಿ ಹಣ ಕೊಟ್ಟಿದ್ದರು. ನನ್ನ ಕೈಲಿ ಆಗದಿದ್ದರೆ? ಪಗಾರ ಬಿಟ್ಟು ಎರಡು ವಾರ ರಜೆ ಹಾಕಿ, ಮಾಲೀಕರನ್ನು ಕೇಳಿಕೊಂಡು ಪ್ರೆಸ್ಸಿನ ಹಳೇ ಕಂಪ್ಯೂಟರಿನ ಮುಂದೆ ಕೂತೆ. 'ಸೂರ್ಯ' ಸರಿಯಾದರೆ 'ಮೂರ್ತಿ' ಕೆಡುತ್ತಿತ್ತು. ಕೊನೆಗೆ ಎರಡೂ ನೆಟ್ಟಗಾದವು. ತಿದ್ದಿದ್ದನ್ನು ಕಳಿಸಿ, ನಾಲ್ಕು ದಿನ ಇಮೇಲು ತೆರೆಯುವ ಧೈರ್ಯವಾಗಲಿಲ್ಲ. ಐದನೆಯ ದಿನ ಘಟಪ್ರಭಾದ ಸೈಬರ್ ಕೆಫೆಯಲ್ಲಿ ತೆರೆದೆ. ಎಲ್ಲ ಪುಸ್ತಕಗಳ ಹೆಸರೂ ಸರಿಯಾಗಿ ಬರುತ್ತಿವೆ ಎಂದು ಆಕೆ ಬರೆದಿದ್ದಳು.

ಮನೆಗೆ ಬಂದು ಅವ್ವನಿಗೆ ಮೊದಲಿನಿಂದ ಎಲ್ಲವನ್ನೂ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದ ಅವ್ವ, "ಮೊದಲ ಹೇಳಬಾರದೇನ? ಇಬ್ರೂ ಕೂಡೇ ಅಂಜತಿದ್ವಿ," ಎಂದಳು.